ಕಡಲಿಗೆ ಹೊರಟ ಧರ್ಮನಿಗೆ

ಮಡಿಕೇರಿ

ಪ್ರೀತಿಯ ಧರ್ಮಾ,

ಕಾಫಿ ಕಣ ಖಾಲಿಯಾಯಿತು, ತೋಟದ ಹೂವಿಗೆ ಸ್ಪ್ರಿಂಕ್ಲರ್ ಹೊಡೆದಾಯಿತು, ಮಕ್ಕಳ ಪರೀಕ್ಷೆ ಮುಗಿದ ಮಾರನೇ ದಿನವೇ ಮಂಗಳೂರಿಗೆ ಹೊರಡುತ್ತೇವೆ, ಮೂರು ದಿನಕ್ಕೆ ಏನೇನು ಮಾಡಬಹುದು ಬರೆದು ಕಳಿಸು ಅಂದೆಯಲ್ಲ, ಇಗೋ ಬರೆದಿದ್ದೇನೆ. ಏಪ್ರಿಲ್‌ನಲ್ಲಿ ನಮ್ಮ ಕಡೆಯಿಂದ ಘಟ್ಟ ಇಳಿಯುವವರು ತುಂಬಾ ಜನ. ಅವರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರಿಗೂ ಕಾಣುವ ಹಾಗೇ ಹಾಕುತ್ತಿದ್ದೇನೆ. ಕಲ್ಲಂಗಡಿ ಲೆಕ್ಕದ ವಿಷಯ ಎತ್ತುವುದಿಲ್ಲ, ಅತ್ತಿಗೆ ಓದುತ್ತಾರೆ.

ಶನಿವಾರಸಂತೆಯಿಂದ ನಸುಕಿನಲ್ಲೇ ಬಿಡಿ. ಮಡಿಕೇರಿ ದಾಟಿದ ಮೇಲೆ ಸಂಪಾಜೆ, ಸುಳ್ಯ, ಪುತ್ತೂರು, ಬಿ.ಸಿ. ರೋಡ್ ದಾರಿಯಲ್ಲಿ ಸುಮಾರು 140 ಕಿ.ಮೀ. ಪುಟ್ಟಿಗೆ ತಿರುವಿನಲ್ಲಿ ಹೊಟ್ಟೆ ತೊಳಸುತ್ತದಲ್ಲ, ಘಾಟಿ ಇಳಿಯುವ ಮೊದಲು ಎರಡು ಬಿಸ್ಕತ್ತು ಸಾಕು, ತಿಂಡಿ ಸುಳ್ಯದಲ್ಲಿ ಮಾಡಿ. ಕಾರಿನಿಂದ ಇಳಿದಾಗ ಸೆಖೆ ಮುಖಕ್ಕೇ ಹೊಡೆಯುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ನಮ್ಮ ಊರಿನವರಿಗೆ ಮೊದಲ ಮಧ್ಯಾಹ್ನವೇ ತಲೆನೋವು ಬರುವುದು ಇದರಿಂದಲೇ. ಬಾಯಾರುವ ಮೊದಲೇ ಎಳನೀರೋ ಉಪ್ಪು ಹಾಕಿದ ಮಜ್ಜಿಗೆಯೋ ಕುಡಿಸಿ. ಹನ್ನೊಂದರಿಂದ ನಾಲ್ಕರವರೆಗೆ ಮರಳಿನ ಕಡೆ ತಲೆ ಹಾಕಬೇಡಿ.

ಆ ಐದು ಗಂಟೆ ಸೂರಿನ ಕೆಳಗೆ ಕಳೆಯಲು ಸೇಂಟ್ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ 1899ರಲ್ಲಿ ಅಲ್ಲಿ ಚಿತ್ರ ಬರೆಯಲು ಶುರುಮಾಡಿದ್ದು. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಕೆಲಸ, ಗಾರೆ ಒಣಗುವುದರೊಳಗೆ ಮುಗಿಸಬೇಕು. ದೊಡ್ಡವನಿಗೆ ಚಿತ್ರದ ಹುಚ್ಚಲ್ಲವಾ, ಕತ್ತು ನೋಯುವವರೆಗೆ ಚಾವಣಿ ನೋಡಲಿ. ಅಲ್ಲಿಂದ ಬಾವುಟಗುಡ್ಡೆ ಪಕ್ಕದಲ್ಲೇ. ಅದನ್ನು ಬಿಟ್ಟು ಬರಬೇಡಿ. 1837ರ ಏಪ್ರಿಲ್‌ನಲ್ಲಿ ಸುಳ್ಯ–ಕೊಡಗಿನ ರೈತರು ಕಂಪನಿ ಸರಕಾರದ ವಿರುದ್ಧ ದಂಡೆದ್ದು ಮಂಗಳೂರು ಹಿಡಿದು ತಮ್ಮ ಬಾವುಟ ಏರಿಸಿದ ಜಾಗ ಅದು. ಅದೇ ದಂಗೆಯ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದ್ದು ನಮ್ಮ ಮಡಿಕೇರಿ ಕೋಟೆಯಲ್ಲಿ. ನೀವು ಇಳಿಯುವ ದಾರಿಯೇ ಅವರೂ ಇಳಿದ ದಾರಿ ಅಂತ ಮಕ್ಕಳಿಗೆ ಹೇಳು. ಇನ್ನೂ ಹೊತ್ತಿದ್ದರೆ ಕದ್ರಿ ದೇವಸ್ಥಾನ: ಅಲ್ಲಿಯ ಕಂಚಿನ ಲೋಕೇಶ್ವರ ವಿಗ್ರಹದ ಪೀಠದಲ್ಲಿ 968ರ ಶಾಸನ ಇದೆ.

ನಾಲ್ಕೂವರೆಗೆ ಸುಲ್ತಾನ್ ಬತ್ತೇರಿಗೆ ಹೋಗಿ ದೋಣಿ ಹತ್ತಿ. ಗುರುಪುರ ನದಿ ದಾಟಿ ಆಚೆ ಇಳಿದರೆ ತಣ್ಣೀರುಬಾವಿ, ಗಾಳಿಮರಗಳ ಹಿಂದೆ ಕಡಲು. ಸೂರ್ಯ ಮುಳುಗುವುದು ಆರೂಮುಕ್ಕಾಲರ ಸುಮಾರಿಗೆ.

ಇನ್ನು ನೀರಿಗಿಳಿಯುವ ಮಾತು.

ಧರ್ಮಾ, ಮಗ ಹಾರಂಗಿ ಹಿನ್ನೀರಿನಲ್ಲಿ ಆಚೆ ದಡ ಮುಟ್ಟಿ ಬರುತ್ತಾನೆ ಅಂತ ನೀನು ಫೋನಿನಲ್ಲಿ ಹೇಳಿದೆಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. ಈಜು ಬಾರದ ಮಗು ಮೊಣಕಾಲು ನೀರಿನಲ್ಲಿ ಆಡಿಕೊಂಡು ಇರುತ್ತದೆ. ಚೆನ್ನಾಗಿ ಈಜುವವನು ಅಲೆ ಇಲ್ಲದ ಕಡೆ ಹುಡುಕಿಕೊಂಡು ಹೋಗುತ್ತಾನೆ, ಕಡಲಿನಲ್ಲಿ ಹೆಚ್ಚಾಗಿ ಅದೇ ಕೆಟ್ಟ ಜಾಗ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕು. ಮರಳದಿಬ್ಬದ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿ ಅದೆಲ್ಲ ಸೇರಿ ಒಂದೇ ಧಾರೆಯಾಗಿ ಹೊರಗೆ ನುಗ್ಗುತ್ತದೆ. ಎರಡು ಪಕ್ಕದಲ್ಲಿ ಬಿಳಿ ನೊರೆ, ನಡುವೆ ಅಲೆಯೊಡೆಯದ, ಬಣ್ಣ ಕಪ್ಪಾದ ಪಟ್ಟಿ ಕಂಡರೆ ಅದೇ ಸೆಳೆತ. ದಡದಿಂದ ನೋಡಿದರೆ ಕೆರೆಯಷ್ಟು ಶಾಂತ. ನೀರಿಗಿಳಿಯುವ ಮೊದಲು ಹತ್ತು ನಿಮಿಷ ಎತ್ತರದ ಜಾಗದಲ್ಲಿ ನಿಂತು ಇದನ್ನೇ ಹುಡುಕಿ.

ಸೆಳೆತ ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಸಿಕ್ಕಿಬಿದ್ದವನು ಎದುರಿಗೆ ಕಾಣುವ ದಡಕ್ಕೆ ನೇರವಾಗಿ ಈಜುತ್ತಾನೆ, ಐದು ನಿಮಿಷದಲ್ಲಿ ತೋಳು ಸೋಲುತ್ತದೆ. ಜೀವ ಹೋಗುವುದು ಆ ಸುಸ್ತಿನಿಂದ, ಗಾಬರಿಯಿಂದ. ಹೊಳೆಯ ಸೆಳವಿಗೆ ಎದುರು ಬೀಳಬೇಡ, ಅಡ್ಡ ಈಜು ಅಂತ ನಮ್ಮ ಹಿರಿಯರು ಕಲಿಸಿದ್ದು ಇಲ್ಲೂ ಸರಿಯೇ. ಕಡಲೊಳಗೆ ಹರಿಯುವ ಹೊಳೆ ಅದು. ಅದರ ದಡ ಎಡಕ್ಕೂ ಬಲಕ್ಕೂ ಇದೆ, ಮುಂದಿಲ್ಲ. ಮೊದಲು ಅಂಗಾತ ತೇಲಿ ಉಸಿರು ಹಿಡಿತಕ್ಕೆ ತಂದುಕೊಳ್ಳಬೇಕು, ಒಂದು ಕೈ ಎತ್ತಿ ಬೀಸಬೇಕು, ಆಮೇಲೆ ತೀರಕ್ಕೆ ಸಮಾನಾಂತರವಾಗಿ ಈಜಿ ಅಲೆಯೊಡೆಯುವ ಕಡೆ ಸೇರಿ, ಅಲೆಯ ಜೊತೆಗೇ ಒಳಗೆ ಬರಬೇಕು. ಇದನ್ನು ಅವನ ಬಾಯಲ್ಲಿ ಹೇಳಿಸು. ಹಾರಂಗಿಯಲ್ಲೇ ಒಂದು ದಿನ ಅಂಗಾತ ತೇಲುವುದನ್ನು ಅಭ್ಯಾಸ ಮಾಡಿಸು.

ನೀನಂತೂ ಹಿಂದೆ ಹಾರಬೇಡ. ಒಬ್ಬರನ್ನು ಉಳಿಸಲು ಹೋಗಿ ಮನೆಯವರೇ ಸಾಲಾಗಿ ಮುಳುಗುವುದು ಹೀಗೆ. ಮುಚ್ಚಳ ಬಿಗಿದ ಖಾಲಿ ಐದು ಲೀಟರ್ ಕ್ಯಾನ್ ಕಾರಿನಲ್ಲಿ ಇಟ್ಟುಕೋ, ಎಸೆದರೆ ಹಿಡಿದುಕೊಂಡು ತೇಲಬಹುದು. ಗಾಳಿ ತುಂಬಿದ ಟ್ಯೂಬು ಪುಟ್ಟಿಗೆ ಕೊಡಲೇಬೇಡ: ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತದೆ, ಟ್ಯೂಬು ಮಗುವಿನ ಸಮೇತ ಹೊರಗೆ ಹೋಗುತ್ತದೆ. ಸೋಮೇಶ್ವರದ ಬಂಡೆಗಳ ಹತ್ತಿರ, ಸಸಿಹಿತ್ಲಿನಲ್ಲಿ ನಂದಿನಿ–ಶಾಂಭವಿ ಕಡಲು ಸೇರುವ ಅಳಿವೆಯಲ್ಲಿ ನೋಡಿ ಬನ್ನಿ, ಇಳಿಯಬೇಡಿ. ಇಳಿತದ ಹೊತ್ತು ಅಳಿವೆಯ ನೀರೆಲ್ಲ ಹೊರಗೇ ಓಡುತ್ತದೆ. ಮಕ್ಕಳನ್ನು ಆಡಿಸಲು ಒಂದು ಬೆಳಿಗ್ಗೆ ಪಡುಬಿದ್ರಿಗೆ ಹೋಗಿ. 2020ರಲ್ಲಿ, ಸ್ವಚ್ಛತೆ–ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ ಕಡಲತೀರ, ಸ್ನಾನಕ್ಕೆ ಗುರುತು ಮಾಡಿದ ಜಾಗ ಇದೆ. ಅಲ್ಲೂ ಲೈಫ್‌ಗಾರ್ಡ್ ಕಣ್ಣಿಗೆ ಕಾಣುವಷ್ಟು ಹತ್ತಿರವೇ ಇರಿ, ಅವರು ಬೇಡವೆಂದರೆ ಬೇಡ.

ನೀನು ಕೇಳಿದ್ದು ಮಜಾ ಮಾಡುವ ಜಾಗ, ನಾನು ಬರೆದದ್ದು ಇದು. ನಾನು ಸುಲಭಕ್ಕೆ ಹೆದರುವವಳಲ್ಲ ಅಂತ ನಿನಗೆ ಗೊತ್ತು. ಈ ಸಲ ಹೆದರಿದ್ದೇನೆ. ಆ ಹುಡುಗನನ್ನು ಎತ್ತಿ ಆಡಿಸಿದ್ದೇನೆ ಮಾರಾಯ. ಒಬ್ಬನಿಗೇ ಬರೆದರೆ ‘ಆಯ್ತು ಆಯ್ತು’ ಅಂದು ಮಡಿಸಿ ಇಡುತ್ತೀಯ. ನಾಲ್ಕು ಜನರ ಮುಂದೆ ಬರೆದರೆ ಅತ್ತಿಗೆಯಾದರೂ ಹಿಡಿದು ಕೂರಿಸಿ ಓದಿಸುತ್ತಾರೆ.

ಸಾಕು, ತಿನ್ನುವ ವಿಷಯಕ್ಕೆ ಬರೋಣ. ಗೋಳಿಬಜೆ ಎಣ್ಣೆಯಿಂದ ತೆಗೆದ ಬಿಸಿಯಲ್ಲೇ ತಿನ್ನಿ, ಆರಿದರೆ ರಬ್ಬರಿನ ಹಾಗಾಗುತ್ತದೆ. ಕೋರಿ ರೊಟ್ಟಿಗೆ ಸಾರು ಒಮ್ಮೆಲೇ ಸುರಿಯಬೇಡಿ, ಅರ್ಧ ರೊಟ್ಟಿ ನೆನೆಯಲಿ, ಅರ್ಧ ಗರಿಗರಿ ಇರಲಿ. ಗಡ್‌ಬಡ್ ಐಸ್‌ಕ್ರೀಮಿಗೆ ಉದ್ದ ಚಮಚವನ್ನು ಮೊದಲು ತಳಕ್ಕೆ ಇಳಿಸಬೇಕು, ಇಲ್ಲದಿದ್ದರೆ ಹಣ್ಣು, ಜೆಲ್ಲಿ ಎಲ್ಲ ಕೊನೆಗೇ ಉಳಿಯುತ್ತದೆ.

ವಾಪಸ್ ಬರುವ ದಿನ ಬೆಳಿಗ್ಗೆ ಬೇಗ ಮೀನುದೋಣಿ ಬರುವ ಧಕ್ಕೆಗೆ ಹೋಗಿ ಬಂಗುಡೆ ತಗೋ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿರಬೇಕು, ಒತ್ತಿದ ಬೆರಳಿನ ಗುಳಿ ನಿಲ್ಲಬಾರದು. ಹೊಟ್ಟೆ ತೆಗೆಸಿ, ಥರ್ಮೋಕೋಲ್ ಡಬ್ಬದಲ್ಲಿ ಒಂದು ಪದರ ಪುಡಿ ಐಸು, ಒಂದು ಪದರ ಮೀನು ಹೀಗೆ ತುಂಬಿಸು. ಮೀನಿನ ತೂಕದಷ್ಟೇ ಐಸು ಬೇಕು. ತಳದ ಮೂಲೆಯಲ್ಲಿ ಒಂದು ತೂತು ಮಾಡಿ ಕೆಳಗೆ ಟ್ರೇ ಇಡು, ಕರಗಿದ ನೀರಿನಲ್ಲಿ ಕೂತರೆ ಮಾಂಸ ಮೆತ್ತಗಾಗುತ್ತದೆ.

ಮಡಿಕೇರಿ ದಾಟುವಾಗ ಡಬ್ಬದ ಅರ್ಧ ಇಲ್ಲಿ ಇಳಿಯಬೇಕು. ಸಾರಿಗೆ ಹಾಕುವ ನಮ್ಮ ಕೊಡಗಿನ ಹುಳಿ, ಕಾಚಂಪುಳಿ, ನನ್ನ ಹತ್ತಿರ ಇದೆ, ಅಕ್ಕಿರೊಟ್ಟಿಯೂ ಆಗುತ್ತದೆ. ಹಳೇ ಜೀಪಿನ ಕಥೆ ದೊಡ್ಡವನಿಗೆ ಇನ್ನೂ ಹೇಳಿಲ್ಲ ಅಂತಾದರೆ ಊಟದ ಹೊತ್ತಿಗೆ ನಾನೇ ಹೇಳುತ್ತೇನೆ.

ನಿನ್ನ,
ಸುಮಿ