ಎಳೆತ ಕುಗ್ಗಿದರೆ ಮೊದಲು ಆಯಿಲ್ ನೋಡಿ

ಮಾನ್ಯ ಸಂಪಾದಕರೇ,

ಚೋರ್ಲಾ ಘಾಟ್ ಏರುವಾಗ ಸ್ಪೋರ್ಟಿ ಕಾರಿನ ಎಳೆತ ಕುಗ್ಗಿದೆ, ಮೈಲೇಜ್ ಇಳಿದಿದೆ ಎಂದ ಕೂಡಲೇ ಕ್ಯಾಮ್‌ಶಾಫ್ಟ್ ತಿರುಗಿಸುವ ಟೈಮಿಂಗ್ ಚೈನ್ ಸೆಟ್ಟನ್ನೇ ಬದಲಿಸಿ ಎನ್ನುವವರಿದ್ದಾರೆ. ಇದು ಗ್ರಾಹಕರ ಜೇಬಿಗೆ ಕತ್ತರಿ.

ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಹೊತ್ತನ್ನು ಅಗತ್ಯಕ್ಕೆ ತಕ್ಕಂತೆ ಬದಲಿಸುವ ವ್ಯವಸ್ಥೆ) ಇರುವ ಬಹುತೇಕ ಪೆಟ್ರೋಲ್ ಎಂಜಿನ್‌ಗಳಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ನ ತುದಿಯಲ್ಲಿದ್ದು ಆ ಹೊತ್ತನ್ನು ಹಿಂದೆ-ಮುಂದೆ ಮಾಡುವ ಫೇಸರ್ ತಿರುಗುವುದು ಎಂಜಿನ್ ಆಯಿಲ್ ಒತ್ತಡದಿಂದ. ಹೆಚ್ಚು ಆರ್‌ಪಿಎಂನಲ್ಲಿ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚಿದರೆ ನುಗ್ಗಿ ಬರುವ ಗಾಳಿ ಸಿಲಿಂಡರನ್ನು ಇನ್ನಷ್ಟು ತುಂಬುತ್ತದೆ. ಪವರ್ ಸಿಗುವುದು ಅಲ್ಲೇ. ಕಡಿಮೆ ಆರ್‌ಪಿಎಂನಲ್ಲೂ ಹಾಗೇ ತಡವಾದರೆ ಗಾಳಿ ಹಿಂದಕ್ಕೆ ಹೋಗಿ ಟಾರ್ಕ್, ಅಂದರೆ ಎಳೆತ, ಬೀಳುತ್ತದೆ. ಹೈವೇಯಲ್ಲಿ ಹಗುರವಾಗಿ ಓಡಿಸುವಾಗ ಇನ್‌ಟೇಕ್ ವಾಲ್ವ್, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಹಿಗ್ಗಿದರೆ ಸುಟ್ಟ ಅನಿಲ ಸ್ವಲ್ಪ ಒಳಗೇ ಉಳಿಯುತ್ತದೆ, ಥ್ರಾಟಲ್ ಹೆಚ್ಚು ತೆರೆಯುತ್ತದೆ, ಗಾಳಿ ಎಳೆಯುವ ಶ್ರಮ ತಗ್ಗಿ ಪೆಟ್ರೋಲ್ ಉಳಿಯುತ್ತದೆ.

5ಡಬ್ಲ್ಯು-30 ಬೇಕಾದ ಎಂಜಿನ್‌ಗೆ ಅದಕ್ಕಿಂತ ದಪ್ಪನೆಯ 20ಡಬ್ಲ್ಯು-50 ಆಯಿಲ್ ಹಾಕಿದರೆ, ಆಯಿಲ್ ಬದಲಿಸದೆ ಕೆಸರಾಗಲು ಬಿಟ್ಟರೆ, ಫೇಸರ್ ನಿಧಾನವಾಗುತ್ತದೆ ಅಥವಾ ಸಿಕ್ಕಿಕೊಳ್ಳುತ್ತದೆ. ಐಡ್ಲಿಂಗ್ ನಡುಗುತ್ತದೆ, ಸ್ಕ್ಯಾನರ್‌ನಲ್ಲಿ ಕ್ಯಾಮ್‌ಶಾಫ್ಟ್ ಟೈಮಿಂಗ್ ದೋಷದ ಕೋಡ್ ಪಿ0011 ಬರಬಹುದು.

ಆಗ ಮೊದಲು ಡಿಪ್‌ಸ್ಟಿಕ್ ಎಳೆದು ಮಟ್ಟ, ದಪ್ಪ ಎರಡನ್ನೂ ನೋಡಿ. ನಂತರ ಫೇಸರ್‌ಗೆ ಹೋಗುವ ಆಯಿಲ್ ನಿಯಂತ್ರಿಸುವ ಆಯಿಲ್ ಕಂಟ್ರೋಲ್ ವಾಲ್ವ್ ಬಿಚ್ಚಿ. ಹಲವು ಕಾರುಗಳಲ್ಲಿ ಅದಕ್ಕೆ ಒಂದೇ ಬೋಲ್ಟ್. ಜಾಲರಿಯಲ್ಲಿ ಕಪ್ಪು ಕಸ ಕಟ್ಟಿದ್ದರೆ ತೊಳೆಯಿರಿ. ಬ್ಯಾಟರಿಯ 12 ವೋಲ್ಟ್ ಒಂದು ಕ್ಷಣ ಮಾತ್ರ ಕೊಟ್ಟರೆ ಒಳಗಿನ ಸ್ಪೂಲ್ (ಜಾರುವ ಕಡ್ಡಿ) ಟಕ್ಕನೆ ಸರಿಯಬೇಕು. ಹೆಚ್ಚು ಹೊತ್ತು ಕೊಟ್ಟರೆ ಕಾಯಿಲ್ ಸುಡುತ್ತದೆ. ಸ್ಪೂಲ್ ಸರಿಯದಿದ್ದರೆ ವಾಲ್ವ್ ಮಾತ್ರ ಬದಲಿಸಿ. ಇಷ್ಟಾದ ಮೇಲೂ ಕೋಡ್ ಮರಳಿದರೆ ಮಾತ್ರ ಚೈನ್ ಕವರ್ ತೆಗೆಯಲು ಒಪ್ಪಿಗೆ ಕೊಡಿ.

– ಕಾರ್ ಮೆಕ್ಯಾನಿಕರು, ಉದ್ಯಮಬಾಗ, ಬೆಳಗಾವಿ