ಜರ್ಮನ್ ಪೌರತ್ವ: ಪದದ ಹಿಂದಿನ ಚರಿತ್ರೆ

ಮಾನ್ಯ ಸಂಪಾದಕರೇ,

ಪೌರತ್ವಕ್ಕೆ ಜರ್ಮನ್ನರು ಬಳಸುವ ಪದ ‘ಶ್ಟಾಟ್ಸ್‌ಆನ್‌ಗೆಹೋರಿಗ್‌ಕೈಟ್’. ‘ಶ್ಟಾಟ್’ ಎಂದರೆ ರಾಜ್ಯ, ‘ಆನ್‌ಗೆಹೋರೆನ್’ ಎಂದರೆ ಸೇರಿರುವುದು. ಆಗ ದೊಡ್ಡ ಜರ್ಮನ್ ರಾಜ್ಯವಾಗಿದ್ದ ಪ್ರಷ್ಯಾದ 1842ರ ಕಾನೂನು ಜನರನ್ನು ಇನ್ನೂ ಅರಸನ ಪ್ರಜೆಗಳೆಂದೇ ಕರೆದಿತ್ತು. 1870ರಲ್ಲಿ ಉತ್ತರ ಜರ್ಮನ್ ಒಕ್ಕೂಟದ ಕಾನೂನಿನ ಹೆಸರಿನಲ್ಲೇ ಈ ಪದ ಬಂತು. ಪ್ರಷ್ಯಾ, ಸ್ಯಾಕ್ಸನಿಯಂತಹ ರಾಜ್ಯಕ್ಕೆ ಸೇರಿದವರು ಒಕ್ಕೂಟಕ್ಕೂ ಸೇರಿದವರು ಎಂಬುದು ಆಗಿನ ಕ್ರಮ. 1913ರ ಕಾನೂನು ವಂಶವನ್ನೇ ಅದರ ಬುನಾದಿಯಾಗಿ ಗಟ್ಟಿ ಮಾಡಿತು.

ನನ್ನನ್ನು ತೀವ್ರವಾಗಿ ಕಲಕುವುದು 1935ರಲ್ಲಿ ನಾಜಿ ಸರ್ಕಾರ ತಂದ ನ್ಯೂರೆಂಬರ್ಗ್ ಕಾನೂನು. ಅದು ಈ ಪದವನ್ನು ಅಳಿಸಲಿಲ್ಲ. ‘ರೈಶ್ಸ್‌ಬ್ಯೂರ್ಗರ್’ (ಸಾಮ್ರಾಜ್ಯದ ಪೌರ) ಎಂಬ ಹೊಸ ದರ್ಜೆಯನ್ನು ಅದರ ಮೇಲೆ ಕಟ್ಟಿ, ರಾಜಕೀಯ ಹಕ್ಕುಗಳನ್ನೆಲ್ಲ ಅದಕ್ಕೇ ಮೀಸಲಿಟ್ಟಿತು. ಯಹೂದಿಗಳು ಹಕ್ಕೇ ಇಲ್ಲದೆ ಬರಿದೇ ‘ಸೇರಿದವರಾಗಿ’ ಉಳಿದರು. 1941ರ ನವೆಂಬರ್‌ನಲ್ಲಿ, ಗಡಿಯಾಚೆಗೆ ಸಾಗಿಸಲ್ಪಟ್ಟ ಯಹೂದಿಗಳಿಂದ ಆ ಬರಿಯ ಪೌರತ್ವವನ್ನೂ ಆಸ್ತಿಯನ್ನೂ ಕಿತ್ತುಕೊಳ್ಳಲಾಯಿತು. ಇಂತಹ ಕ್ರೌರ್ಯಕ್ಕೆ ಒಂದು ಆಡಳಿತಾತ್ಮಕ ಪದ ಸಲೀಸಾಗಿ ಒದಗಿತಲ್ಲ!

ಅಲ್ಲೇ ಹುಟ್ಟಿದ ವಿದೇಶಿಯರ ಮಕ್ಕಳಿಗೆ ಷರತ್ತಿನೊಡನೆ ಜನ್ಮತಃ ಪೌರತ್ವ ದೊರೆಯತೊಡಗಿದ್ದು 2000ದಿಂದ. 2024ರಿಂದ ದ್ವಿಪೌರತ್ವಕ್ಕೂ ಜರ್ಮನಿ ಒಪ್ಪಿದೆ. ಭಾರತ ಒಪ್ಪಿಲ್ಲವಾದ್ದರಿಂದ ಅಲ್ಲಿನ ಕನ್ನಡಿಗರು ಈಗಲೂ ಒಂದನ್ನು ಬಿಡಲೇಬೇಕು. ಈ ಕುರಿತು ವಿವರವಾದ ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಧಾರವಾಡ